ಹತ್ತು ಆಕಾರ, ಹದಿನೆಂಟು ಸೆಕೆಂಡು

ನವೆಂಬರ್ 7, ಗುರುವಾರ

ಬಸವಕಲ್ಯಾಣ ಆಸ್ಪತ್ರೆಯಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕ್ಯಾಂಪ್. ಹುಮನಾಬಾದಿನಿಂದ ಎಂಟರ ಬಸ್ಸು ಎಂಟೂವರೆಗೆ ಬಂತು. ಸೀಟಿಲ್ಲ. ಟೆಸ್ಟಿನ ಚೀಲ ಕಾಲ ನಡುವೆ ಇಟ್ಟುಕೊಂಡು ನಿಂತೇ ಹೋದೆ. ಕಂಡಕ್ಟರ್ ಇವತ್ತು ಕೇಳಿಯೇ ಬಿಟ್ಟ — "ಮೇಡಮರ, ಪ್ರತಿ ಗುರುವಾರ ಈ ಚಪಾತಿ ಮಣಿ ಎಲ್ಲಿಗಿ ಒಯ್ತೀರಿ?"

ಹೇಳಿದೆ. ಮಣೆ ಅಲ್ಲ, ಫಾರ್ಮ್ ಬೋರ್ಡ್. ಮರದ ಹಲಗೆ, ಹತ್ತು ತಗ್ಗು, ಹತ್ತು ಆಕಾರದ ತುಂಡು. ಮಗು ಒಂದೊಂದು ತುಂಡನ್ನೂ ಅದರದರ ತಗ್ಗಿನಲ್ಲಿ ಕೂಡಿಸಬೇಕು. ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡುತ್ತೇವೆ. ಅಷ್ಟು ಸೆಕೆಂಡು ಯಾವ ವಯಸ್ಸಿನ ಮಗುವಿನದು ಎಂದು ಪಟ್ಟಿ ಇದೆ — ಬಹಳ ಮಕ್ಕಳನ್ನು ಕೂಡಿಸಿ, ನೋಡಿ, ಮಾಡಿದ ಪಟ್ಟಿ. ಆ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಐಕ್ಯೂ.

"ನಂದೂ ಒಮ್ಮೆ ನೋಡ್ರಿ" ಎಂದ. ಹಿಂದಿನ ಸೀಟಿನಿಂದ ಯಾರೋ — "ಅವಂದೇನ್ ನೋಡ್ತೀರಿ, ಚಿಲ್ಲರ ಕೊಡೂದ ನೆನಪಿರಂಗಿಲ್ಲ ಅವಗ." ಬಸ್ಸೆಲ್ಲ ನಕ್ಕಿತು.

ಇವತ್ತು ಆರು ಮಕ್ಕಳು. ನಾಲ್ಕನೆಯದು ಕಾಜಲ. ಹತ್ತು ವರ್ಷ ಎರಡು ತಿಂಗಳು. ಗೋರ್ಟಾ ಆಚೆಯ ಹಳ್ಳಿ. ತಂದೆ ದತ್ತು, ಕೂಲಿ. ತಾಯಿ ಇಲ್ಲ. ಜೊತೆ ಬಂದವರು ಅಜ್ಜಿ ಸತ್ಯಮ್ಮ, ಮತ್ತು ಆ ಊರಿನ ಅಂಗನವಾಡಿಯ ಸಂಗಮ್ಮ. ಸಂಗಮ್ಮ ಆಗಾಗ ಕ್ಯಾಂಪಿಗೆ ಅಕ್ಕಪಕ್ಕದ ಊರುಗಳ ಒಂದೆರಡು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಚೀಟಿ ಬರೆಯುವುದು, ಅಳುವ ಮಗುವನ್ನು ಎತ್ತಿಕೊಳ್ಳುವುದು — ಕೇಳದೆಯೇ ಮಾಡುತ್ತಾರೆ.

ಬಂದ ಕಾರಣ: ಬಸವಕಲ್ಯಾಣದ ವಿಶೇಷ ಶಾಲೆ. ಹಾಸ್ಟೆಲ್ ಇದೆ. ಈ ವರ್ಷ ಒಂದೇ ಸೀಟು ಉಳಿದಿದೆ. ಡಿಸೆಂಬರ್ 24 ಕಡೆಯ ದಿನ. ಬುದ್ಧಿಮಾಂದ್ಯತೆಯ ಪ್ರಮಾಣಪತ್ರ ಬೇಕು, ಅಂದರೆ ಐಕ್ಯೂ 70ಕ್ಕಿಂತ ಕೆಳಗೆ. ಊರಿನ ಶಾಲೆಯ ಪತ್ರವೂ ತಂದಿದ್ದರು: ನಾಲ್ಕನೇ ತರಗತಿ, ಹೆಸರು ಬರೆಯಲು ಬರುವುದಿಲ್ಲ, "ಮನೆಯಲ್ಲೇ ಇಟ್ಟುಕೊಳ್ಳುವುದು ಸೂಕ್ತ." ಸೀಟು ಸಿಗದಿದ್ದರೆ ಕಾಜಲ ಮನೆಯಲ್ಲೇ. ಅಜ್ಜಿ ಕೂಲಿಗೆ ಹೋದ ಹೊಲದ ಬದುವಿನಲ್ಲಿ.

ಹಲಗೆ ಇಟ್ಟೆ. ಮೊದಲ ಸಲ 20 ಸೆಕೆಂಡು. ಎರಡನೇ ಸಲ 18. ಮೂರನೇ ಸಲವೂ 18. ಸಂಗಮ್ಮ ಚಪ್ಪಾಳೆ ತಟ್ಟಿದರು. ಕಾಜಲ ಎದ್ದು ನಿಂತು, ಆಟ ಗೆದ್ದವರ ಹಾಗೆ ಎರಡೂ ಕೈ ಮೇಲೆತ್ತಿದಳು.

ಆಮೇಲೆ ವರಾಂಡದ ಬೆಂಚಿನಲ್ಲಿ ಅಜ್ಜಿಗೆ ದಿನನಿತ್ಯದ ಪ್ರಶ್ನೆಗಳು — ತಾನೇ ಸ್ನಾನ, ತಾನೇ ಊಟ, ಅಂಗಡಿಗೆ ಹೋಗುವುದು, ಊರೊಳಗೆ ಒಬ್ಬಳೇ ತಿರುಗುವುದು. ಎಲ್ಲಕ್ಕೂ "ಮಾಡ್ತಾಳ್ರಿ."

ಹಲಗೆ 88. ಪ್ರಶ್ನೆಗಳು 79. ಇಷ್ಟಿದ್ದರೆ ಪ್ರಮಾಣಪತ್ರ ಇಲ್ಲ.

ಹೋಗುವಾಗ ಬಿಸ್ಕೀಟು ಪೊಟ್ಟಣ ಕೊಟ್ಟೆ. "ನನಗೆರಡು ಕೊಡು" ಎಂದೆ. ಪೂರಾ ಪೊಟ್ಟಣ ತಿರುಗಿ ಕೊಟ್ಟಳು. "ಎರಡ ಸಾಕು" ಎಂದರೂ ಕೈ ಚಾಚಿಕೊಂಡೇ ನಿಂತಳು. ಔದಾರ್ಯವೋ, ಎರಡು ಎಂದರೆ ಗೊತ್ತಿಲ್ಲವೋ...

ನವೆಂಬರ್ 8

ಹುಮನಾಬಾದ್ ಆಫೀಸು. ನಿನ್ನೆಯ ಆರು ವರದಿಗಳಲ್ಲಿ ಐದು ಮುಗಿದವು. ಕಾಜಲಳದು ಉಳಿಯಿತು.

ಒಂದು ಕಡೆ 88. ಇನ್ನೊಂದು ಕಡೆ ಹೆಸರು ಬರೆಯಲು ಬಾರದು, ಎರಡು ಬಿಸ್ಕೀಟು ಎಣಿಸಲು ಬಾರದು. ಎರಡೂ ನಿಜ ಇರಲಾರವು ಎಂದೇನಿಲ್ಲ. ಕೈ ಚುರುಕು, ಲೆಕ್ಕ ಮಂದ ಇರುವ ಮಕ್ಕಳಿದ್ದಾರೆ. ಆದರೆ ಇಷ್ಟು ಅಂತರ ನೋಡಿಲ್ಲ.

ಇನ್ನೊಂದು. ಮೂರು ಸಲವೂ ತುಂಡುಗಳನ್ನು ಒಂದೇ ಕ್ರಮದಲ್ಲಿ ಎತ್ತಿದಳು. ಮೊದಲು ನಕ್ಷತ್ರ, ಆಮೇಲೆ ಡೈಮಂಡ್. ಸಾಮಾನ್ಯವಾಗಿ ಮಕ್ಕಳು ಕೈಗೆ ಸಿಕ್ಕಿದ್ದನ್ನು ಎತ್ತುತ್ತಾರೆ. ಆಗ ಗಮನಿಸಿದೆ, ಬರೆದುಕೊಳ್ಳಲಿಲ್ಲ.

ನವೆಂಬರ್ 14, ಗುರುವಾರ

ಮಕ್ಕಳ ದಿನ. ಆಸ್ಪತ್ರೆಯಲ್ಲಿ ಚಾಕಲೇಟು ಹಂಚಿದರು. ಕ್ಯಾಂಪಿಗೆ ಮೂವರೇ.

ಎರಡನೆಯದು ಏಳು ವರ್ಷದ ಹುಡುಗಿ. ಕಾಜಲಳ ಊರಿನ ಪಕ್ಕದ ಊರು. ಇದನ್ನೂ ಕರೆತಂದದ್ದು ಸಂಗಮ್ಮನೇ. ಹಲಗೆ ಮುಂದಿಟ್ಟ ಕೂಡಲೇ ಬಾಯಲ್ಲಿ ಗುಣುಗುಣು ಶುರು. ಬಗ್ಗಿ ಕೇಳಿದೆ.

"ಚುಕ್ಕಿ... ಶಂಕರಪಾಳಿ... ಸಮೋಸಾ... ಅರ್ಧ ರೊಟ್ಟಿ... ಪೂರಾ ರೊಟ್ಟಿ... ತತ್ತಿ..."

ನಕ್ಷತ್ರ, ಡೈಮಂಡ್, ತ್ರಿಕೋನ, ಅರ್ಧವೃತ್ತ, ವೃತ್ತ, ಮೊಟ್ಟೆಯಾಕಾರ. ಕಾಜಲಳ ಕ್ರಮವೂ ಇದೇ. 19 ಸೆಕೆಂಡು.

ಮ್ಯಾನ್ಯುಯಲ್‌ನಲ್ಲಿ ಇಲ್ಲದ್ದೊಂದು ಮಾಡಿದೆ. ಹಲಗೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟೆ. ಕೈ ಚುಕ್ಕಿಯ ಹಳೆಯ ಜಾಗಕ್ಕೆ ಹೋಯಿತು. ಅಲ್ಲಿ ಬೇರೆ ತಗ್ಗು. ಒತ್ತಿದಳು. ಮತ್ತೆ ಒತ್ತಿದಳು. ನನ್ನ ಮುಖ ನೋಡಿದಳು. 51 ಸೆಕೆಂಡು.

ಮಗುವಿಗೆ ಚಾಕಲೇಟು ಕೊಟ್ಟು ಹೊರಗೆ ಕಳಿಸಿದೆ. ಸಂಗಮ್ಮನನ್ನು ಒಳಗೆ ಕರೆದೆ.

"ಸಂಗಮ್ಮನೋರ, ಈ ಶಂಕರಪಾಳಿ, ಸಮೋಸಾ ಯಾರ ಕಲಿಸ್ಯಾರ?"

"ನಾನ್ರಿ!" ಮುಖ ತುಂಬ ಸಂತೋಷ. ಕೈಚೀಲದಿಂದ ಟವೆಲ್ ಸುತ್ತಿದ ಹಲಗೆ ತೆಗೆದು ನನ್ನ ಹಲಗೆಯ ಪಕ್ಕ ಇಟ್ಟರು. ಹತ್ತು ತಗ್ಗು, ಹತ್ತು ತುಂಡು. ಅದೇ ಅಳತೆ. ಅಂಚು ನನ್ನದಕ್ಕಿಂತ ನುಣುಪು. "ಇಲ್ಲೇ ಬಡಿಗೇರ ಸೂರ್ಯಕಾಂತ ಅದಾನಲ್ರಿ, ಅವನ ಕಡಿಂದ ಮಾಡಿಸೀನಿ. ಜಾಲಿ ಕಟಗಿ. ಮೂವತ್ತ ವರ್ಷ ಏನೂ ಆಗಂಗಿಲ್ಲ ಅಂದಾನ."

"ಅಳತಿ ಎಲ್ಲಿಂದ ತಂದ್ರಿ?"

"ನಿಮ್ಮ ಪೇಪರ್ ಮ್ಯಾಲಿಂದ್ರಿ. ಹಲಗಿ ಕೆಳಗ ಹಾಸ್ತೀರಲ್ಲ. ನೀವ್ ಊಟಕ್ಕ ಹೋದಾಗ ಪೆನ್ಸಿಲ್‌ಲೆ ಗೆರಿ ಹೊಡ್ಕೊಂಡೆ. ನೀವ ಹೇಳಿದ್ರಲ್ರಿ, ಮನ್ಯಾಗ ಇಂಥಾವು ಆಡಸ್ರಿ ಅಂತ."

ಹೇಳಿದ್ದೆ. ಪ್ರತಿ ತಾಯಿಗೂ ಹೇಳುತ್ತೇನೆ. ಇಂಥವು ಎಂದರೆ ಇದೇ ಅಲ್ಲ ಎಂದು ಯಾರಿಗೂ ಹೇಳಿದ ನೆನಪಿಲ್ಲ.

"ಸಂಗಮ್ಮನೋರ, ಇದ ಮೊದಲ ನೋಡಿರಬಾರದು. ಮೊದಲ ನೋಡಿದ್ರ ಟೆಸ್ಟ್ ಟೆಸ್ಟ್ ಆಗಿ ಉಳಿಯಂಗಿಲ್ಲ."

"ಹಾಂಗ್ಯಾಕ್ರಿ? ನವೋದಯಕ್ಕ ಒಂದ ವರ್ಷ ಮುಂಚೆ ತಯಾರಿ ಮಾಡಸ್ತಾರ. ಮೊರಾರ್ಜಿಗಿ ಟ್ಯೂಷನ್ ಹಚ್ತಾರ. ಸೀಟಿಗಿ ಪರೀಕ್ಷಾ ಅಂದಮ್ಯಾಲ ತಯಾರಿ ಬ್ಯಾಡೇನ್ರಿ? ಕೂಲಿ ಮಂದಿ ಮಕ್ಕಳಿಗಿ ಯಾರ ಟ್ಯೂಷನ್ ಹಚ್ಚವರು? ನಾನ ಹಚ್ಚಿದೆ."

ಈ ಸೀಟಿಗೆ ಅಂಕ ಕಡಿಮೆ ಬರಬೇಕು ಎಂದು ಹೇಳಿದೆ. ಎರಡು ಸಲ ಹೇಳಬೇಕಾಯಿತು. ಸಂಗಮ್ಮ ಹಲಗೆಯನ್ನು ಮತ್ತೆ ಟವೆಲಿನಲ್ಲಿ ಸುತ್ತತೊಡಗಿದರು. ಅರ್ಧಕ್ಕೆ ಕೈ ನಿಂತಿತು.

"ಅಂದ್ರ... ನಾ ಕಲ್ಸಿದ್ದಕ್ಕ ಕಾಜಲ ಪೋರಿ ಸೀಟ್ ಹೋಯ್ತೇನ್ರಿ?"

ಇನ್ನೂ ಹೋಗಿಲ್ಲ ಎಂದೆ.

ನವೆಂಬರ್ 15

ಕಪಾಟು ತೆಗೆದು ಕೂತೆ. ಹಲಗೆ ಮಾಡಿಸಿದ್ದು ಶ್ರಾವಣದಲ್ಲಿ ಎಂದಿದ್ದಾರೆ. ಅಂದಿನಿಂದ ಸಂಗಮ್ಮ ಕರೆತಂದ ಮಕ್ಕಳು ಒಂಬತ್ತು. ಅದರಲ್ಲಿ ನಾಲ್ವರಿಗೆ "ಅರ್ಹರಲ್ಲ" ಎಂದು ನಾನೇ ಬರೆದು ಸಹಿ ಮಾಡಿದ್ದೇನೆ. ಹೋದವರು ಯಾರೂ ತಿರುಗಿ ಬಂದು ಕೇಳಿಲ್ಲ.

ಬೀದರಿನ ಅಜೀಮ್ ಸರ್‌ಗೆ ಫೋನ್ ಮಾಡಿದೆ. ಈ ಕೆಲಸದಲ್ಲಿ ನನಗಿಂತ ಹದಿನಾಲ್ಕು ವರ್ಷ ಹಿರಿಯರು. ಪೂರ್ತಿ ಕೇಳಿದರು. ಮೊದಲು ಜೋರಾಗಿ ನಕ್ಕರು.

"ಅರೆ ಮನೀಷಾ, ನಾ ಇಲಾಖೆಗಿ ಮೂರ ವರ್ಷದಿಂದ ಬರಿಲಾಕತ್ತೀನಿ, ಒಂದ ಹೊಸಾ ಬೋರ್ಡ್ ಕೊಡ್ರಿ ಅಂತ. ಆ ಬಾಯಿ ಎರಡ ತಿಂಗಳದಾಗ ಮಾಡಿಸ್ಯಾಳ ನೋಡು!"

ಆಮೇಲೆ ನಗಲಿಲ್ಲ. "ಒಂಬತ್ತೂ ರದ್ದ. ಬ್ಯಾರೆ ಹಾದಿ ಇಲ್ಲ."

ಬ್ಯಾರೆ ಹಾದಿ ಇದೆ. ಮಧ್ಯಾಹ್ನ ಕಾಜಲಳ ವರದಿಯಲ್ಲಿ ಪೆನ್ಸಿಲಿನಿಂದ 65 ಎಂದು ಬರೆದೆ. ಆರು ವರ್ಷದ ಅನುಭವದಿಂದ ಹೇಳುವುದಾದರೆ ಅವಳು ಅಷ್ಟರ ಸುತ್ತಮುತ್ತಲೇ ಇರಬೇಕು. ಸೀಟು ಸಿಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಎಂಟು ಫೈಲು ಕಪಾಟಿನಲ್ಲೇ ಇರುತ್ತವೆ.

ಆದರೆ 65 ಕಾಜಲಳಿಂದ ಬಂದದ್ದಲ್ಲ. ನನ್ನಿಂದ ಬಂದದ್ದು. ನಾನು ನೋಡಿ ಹೇಳಿದ್ದೇ ಸಾಕು ಎಂದಾದರೆ ಹಲಗೆ ಯಾಕೆ, ಪಟ್ಟಿ ಯಾಕೆ... ಊರಿನ ಶಾಲೆಯವರೂ ನೋಡಿಯೇ ಬರೆದಿದ್ದರು, ಮನೆಯಲ್ಲಿ ಇಟ್ಟುಕೊಳ್ಳಿ ಎಂದು.

ಅಳಿಸಿದೆ. ಕಾಗದದ ಮೇಲೆ ಗುರುತು ಉಳಿದಿದೆ. ಹೊಸ ಫಾರ್ಮ್ ತೆಗೆದುಕೊಳ್ಳಬೇಕು.

ನವೆಂಬರ್ 18, ಸೋಮವಾರ

ಪ್ರಮಾಣಪತ್ರ ಕೊಡುವ ಮೆಡಿಕಲ್ ಬೋರ್ಡಿಗೆ ಪತ್ರ ಕೊಟ್ಟೆ. ಒಂದೇ ಪುಟ. ಒಂಬತ್ತು ಹೆಸರು, ಒಂಬತ್ತು ದಿನಾಂಕ. "ಪರೀಕ್ಷಾ ಸಾಮಗ್ರಿಯ ಪೂರ್ವಪರಿಚಯದಿಂದ ಫಲಿತಾಂಶ ನಂಬಲರ್ಹವಲ್ಲ. ಕಾರಣ: ಸಾಮಗ್ರಿಯನ್ನು ನಾನು ಕಾಯದೆ ಬಿಟ್ಟು ಹೋದದ್ದು." ಸಂಗಮ್ಮನ ಹೆಸರು ಬರೆಯಲಿಲ್ಲ.

ಮೆಡಿಕಲ್ ಬೋರ್ಡಿನ ಡಾಕ್ಟರು ಸಂಜೆ ಫೋನ್ ಮಾಡಿದರು.

"ನೀವು ಹೇಳದಿದ್ದರೆ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಇಲ್ಲ ಸರ್."

"ನಿಮ್ಮ ಕಾಂಟ್ರ್ಯಾಕ್ಟ್ ಯಾವಾಗ ಮುಗೀತದ?"

"ಮಾರ್ಚಿಗೆ ಸರ್."

"ಹೂಂ." ಆಮೇಲೆ — ಒಂಬತ್ತೂ ಮರುಪರೀಕ್ಷೆ ಮಾಡಿ, ಅದೇ ಹಲಗೆ ಬೇಡ. ಬೋರ್ಡು ಡಿಸೆಂಬರ್ 20ಕ್ಕೆ ಕೂಡುತ್ತದೆ, ಆ ಹಾಸ್ಟೆಲ್ ಹುಡುಗಿಯದು 16ರೊಳಗೆ ಬಂದರೆ ನೋಡುತ್ತೇನೆ. ತಡವಾದರೆ ಮುಂದಿನ ವರ್ಷ.

ಮುಂದಿನ ವರ್ಷ ಆ ಶಾಲೆಯಲ್ಲಿ ಕಾಜಲಳಿಗೆ ಸೀಟಿಲ್ಲ. ಹನ್ನೊಂದು ತುಂಬಿದವರನ್ನು ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆಯೇ ವಿಚಾರಿಸಿದ್ದೆ.

ನವೆಂಬರ್ 24, ಭಾನುವಾರ

ಕಾಜಲಳ ಊರಿಗೆ ಹೋಗಿ ಬಂದೆ. ಗೋರ್ಟಾವರೆಗೆ ಬಸ್ಸು, ಮುಂದೆ ಟಂಟಂ ಆಟೋ. ತೊಗರಿ ಕಾಯಿ ಕಟ್ಟಿದೆ. ಗಾಳಿ ತಣ್ಣಗಿತ್ತು.

ಮನೆ ಮುಂದಿನ ಕಟ್ಟೆಯಲ್ಲಿ ಮಕ್ಕಳ ಗುಂಪು. ನಡುವೆ ಸಂಗಮ್ಮನ ಹಲಗೆ. ಒಬ್ಬ ಮೊಬೈಲಿನಲ್ಲಿ ಟೈಮ್ ಹಿಡಿಯುತ್ತಿದ್ದ. ಏಳನೇ ತರಗತಿ ಹುಡುಗಿ 24 ಸೆಕೆಂಡು. ಇನ್ನೊಬ್ಬ 26. ಆಮೇಲೆ ಕಾಜಲ ಕೂತಳು. ಬಾಯಲ್ಲಿ ಹಾಡು, ಕಣ್ಣು ಗುಂಪಿನ ಕಡೆ, ಕೈ ತಾನಾಗಿಯೇ ಓಡಿತು. 16.

"ಕಾಜಲನ್ನ ಯಾರೂ ಹೊಡಿಯಾಂಗಿಲ್ಲರಿ" ಎಂದ ಮೊಬೈಲಿನವನು. ಸಣ್ಣದೊಂದು ಹುಡುಗಿ ಕಾಜಲಳ ಲಂಗ ಹಿಡಿದು ನಿಂತಿತ್ತು, ಮುಂದಿನ ಸರದಿ ತನಗೆ ಕೊಡಿಸು ಎಂದು.

ಶಾಲೆಯ ಕಡೆಯ ಬೆಂಚಿನವಳು. ಇಲ್ಲಿ ಮೊದಲು. ಇದನ್ನು ರದ್ದು ಮಾಡಲು ಬಂದವಳು ನಾನು.

ಸತ್ಯಮ್ಮನನ್ನು ಒಳಗೆ ಕೂಡಿಸಿಕೊಂಡು, ಬಾಗಿಲು ಮುಚ್ಚಿ, ಪ್ರಶ್ನೆಗಳನ್ನು ಮತ್ತೆ ಕೇಳಿದೆ.

"ಸ್ನಾನ ತಾನ ಮಾಡ್ತಾಳೇನಮ್ಮಾ?"

"ಮಾಡ್ತಾಳ್ರಿ... ನೀರ ನಾ ಹದಾ ಮಾಡಿ ಕೊಡ್ತೀನಿ. ಬೆನ್ನ ನಾನ ತಿಕ್ತೀನಿ. ಇಲ್ಲಂದ್ರ ಚರಗಿ ಹಿಡ್ಕೊಂಡ ಹಾಂಗ ಕುಂದರ್ತಾಳ."

"ಅಂಗಡಿಗಿ?"

"ಹೋಗ್ತಾಳ್ರಿ. ಕೈಯಾಗ ರೊಕ್ಕ ಸುತ್ತಿ ಕೊಡ್ತೀನಿ. ಏನ ಬೇಕಂತ ಅಂಗಡ್ಯಾವಗ ನಾ ಇಲ್ಲಿಂದನ ಒದರಿ ಹೇಳ್ತೀನಿ."

"ಮತ್ತ ಆವತ್ತ ಎಲ್ಲಾದಕ್ಕೂ ಮಾಡ್ತಾಳ ಅಂದ್ರಲ್ಲ?"

ಸೆರಗು ಎಳೆದುಕೊಂಡಳು. "ಆ ಬೆಂಚಿನ ಮ್ಯಾಲ ಎಷ್ಟ ಮಂದಿ ಕುಂತಿದ್ರು ನೋಡಿದ್ರೇನ್ರಿ? ನಮ್ಮ ಬೀಗರ ಊರವರೂ ಇದ್ರು. ತಾಯಿಲ್ಲದ ಹೆಣ್ಣ ಮಗಾ. ಹತ್ತ ಮಂದಿ ನಡುವ ಆಕಿ ಕೊರತಿ ನನ್ನ ಬಾಯಿಲೆ ಹ್ಯಾಂಗ ಹೇಳ್ಲಿರಿ?"

ವರಾಂಡದಲ್ಲಿ ಕೇಳಿದ್ದು ನಾನು. ಖಾಸಗಿಯಾಗಿ ಕೇಳಬೇಕು ಎಂದು ಮೊದಲ ಸೆಮಿಸ್ಟರಿನಲ್ಲೇ ಪಾಠ ಇತ್ತು. ಆಸ್ಪತ್ರೆಯಲ್ಲಿ ಕೋಣೆ ಒಂದೇ, ಅದರಲ್ಲಿ ಹಲಗೆ — ಆರು ವರ್ಷದಿಂದ ಇದೇ ನೆಪ.

ದತ್ತು ಬಂದ. ಕೂಲಿಯಿಂದ ನೇರ, ಕುಡಗೋಲು ಕೈಯಲ್ಲೇ. ವಿಷಯ ಹೇಳಿದೆ: ಇನ್ನೊಂದು ಟೆಸ್ಟ್ ಮಾಡುತ್ತೇನೆ, 70ರ ಕೆಳಗೆ ಬಂದರೆ ಸೀಟು.

ಕುಡಗೋಲು ಕೆಳಗಿಟ್ಟು ಕೇಳಿದ — "ಎಷ್ಟ ತಪ್ಪ ಮಾಡ್ಬೇಕ್ರಿ ಮೇಡಮ? ಹೇಳ್ರಿ. ಅಷ್ಟ ಕಲಿಸ್ತೀವಿ."

"ತಪ್ಪ ಕಲಿಸಬ್ಯಾಡ್ರಿ. ಏನೂ ಕಲಿಸಬ್ಯಾಡ್ರಿ."

"ಖರೇ ಮಾಡ್ರಂತ ಕಲಿಸಿದ್ರ ಸೀಟ್ ಹೋಯ್ತು. ತಪ್ಪ ಮಾಡಂತ ಕಲಿಸ್ತೀವಂದ್ರ ಬ್ಯಾಡ ಅಂತೀರಿ. ನಾವ್ ಏನ ಮಾಡ್ಬೇಕ್ರಿ?"

ಸುಮ್ಮನೆ ಕರೆದುಕೊಂಡು ಬನ್ನಿ ಎಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನನ್ನ ಜಾಗದಲ್ಲಿ ಯಾರಿದ್ದರೂ ಹೇಳುವ ಮಾತು, ಅವನ ಜಾಗದಲ್ಲಿ ಯಾರಿದ್ದರೂ ನಂಬದ ಮಾತು.

ನವೆಂಬರ್ 29

ಅಜೀಮ್ ಸರ್ ಬೇರೆ ಟೆಸ್ಟಿನ ಪೆಟ್ಟಿಗೆ ಕಳಿಸಿದ್ದಾರೆ. ಬೀದರಿನಿಂದ ಬರುವ ಒಬ್ಬ ಲ್ಯಾಬ್ ಟೆಕ್ನಿಷಿಯನ್ ತಂದುಕೊಟ್ಟ. ಒಳಗೆ ಚೀಟಿ — "ಹದಿನೈದ ದಿನ. ಬೀಗ ಹಾಕಿ ಇಡು. ಸಂಗಮ್ಮಗ ನನ್ನ ಸಲಾಂ."

ಮಾತಿನ ಪ್ರಶ್ನೆಗಳು, ಚಿತ್ರ, ಮಣಿ ಪೋಣಿಸುವುದು, ವಾಕ್ಯ ತಿರುಗಿ ಹೇಳುವುದು. ವಯಸ್ಸಿಗೆ ಆರು ಪ್ರಶ್ನೆ, ಸರಿ ಉತ್ತರ ಒಂದಕ್ಕೆ ಎರಡು ತಿಂಗಳು. ಎಲ್ಲವೂ ಬರುವ ವಯಸ್ಸಿನಿಂದ ಶುರು ಮಾಡಿ, ಒಂದೂ ಬಾರದ ವಯಸ್ಸಿನವರೆಗೆ. ಒಂದು ತಾಸು ಹಿಡಿಯುತ್ತದೆ. ಹಲಗೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಅದಕ್ಕೇ ಕ್ಯಾಂಪಿನಲ್ಲಿ ಹಲಗೆ.

ಕ್ಲಿನಿಕಿಗೆ ಬಂದ ಇಬ್ಬರು ಮಕ್ಕಳ ಮೇಲೆ, ಅವರ ಮನೆಯವರನ್ನು ಕೇಳಿಕೊಂಡು, ಕೈ ರೂಢಿ ಮಾಡಿಕೊಂಡೆ. ಎರಡು ಪ್ರಶ್ನೆಯ ಮಾತು ನಮ್ಮ ಕಡೆಯದಲ್ಲ. ಯಾವ ಮಟ್ಟಿಗೆ ಬದಲಿಸಿ ಹೇಳಬಹುದು ಎಂದು ಅಜೀಮ್ ಸರ್‌ಗೆ ಕೇಳಿ ಬರೆದಿಟ್ಟುಕೊಂಡೆ. ಪ್ರತಿ ಮಗುವಿಗೂ ಅದೇ ಮಾತು ಹೇಳಬೇಕು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಆಗಬಾರದು. ಮೊದಲು ಕಾಜಲ; ಉಳಿದ ಎಂಟು ಮಕ್ಕಳಿಗೆ ಜನವರಿಯಲ್ಲಿ ಪೆಟ್ಟಿಗೆ ಮತ್ತೆ ಕೇಳಬೇಕು.

ಡಿಸೆಂಬರ್ 5, ಗುರುವಾರ

ಕ್ಯಾಂಪಿಗೆ ಸಂಗಮ್ಮ ಬರಲಿಲ್ಲ. ಮಕ್ಕಳೂ ಇಲ್ಲ. ಮಧ್ಯಾಹ್ನ ನಾನೇ ಫೋನ್ ಮಾಡಿದೆ.

"ಆರಾಮ ಇಲ್ಲರಿ" ಎಂದರು. ದನಿ ಆರಾಮಿನದೇ.

"ಸಿಟ್ಟಾಗೀರೇನ?"

"ನಿಮ್ಮ ಮ್ಯಾಲಲ್ಲರಿ. ಹಲಗಿ ಅಟ್ಟದ ಮ್ಯಾಲ ಇಟ್ಟೀನಿ. ಮಕ್ಕಳು ದಿನಾ ಬಂದ ಕೇಳ್ತಾವ. ಕಾಜಲಂತೂ ಬಾಗಿಲಾಗ ಕುಂದರ್ತಾಳ. ನಾ ಏನ ಹೇಳ್ಲಿ? ನೀ ಜಾಣಿ ಆದಿ, ಅದಕ್ಕ ಕಸಗೊಂಡೆ ಅಂತ ಹೇಳ್ಲ್ಯಾ?"

ಹಲಗೆ ಕೆಳಗೆ ತೆಗೆಯಿರಿ ಎಂದೆ. ಮಕ್ಕಳು ಆಡಲಿ. ನಿಮ್ಮ ಕಡೆಯ ಮಕ್ಕಳಿಗೆ ಇನ್ನು ಆ ಹಲಗೆಯಿಂದ ನಾನು ಅಳೆಯುವುದಿಲ್ಲ, ಅಷ್ಟೆ. ಟೆಸ್ಟ್ ಸಾಮಾನು ಹೊರಗಿರಬಾರದು ಎಂಬ ನಿಯಮ ಇದೆ. ಆದರೆ ನಿಯಮ ಮುರಿದಾಗಿದೆ, ಈಗ ಕಸಿದುಕೊಂಡರೆ ಕೂಡಿಕೊಳ್ಳುವುದಿಲ್ಲ.

"ಖರೇನ್ರಿ?" ಎಂದರು. "ಮತ್ತ ನಾ ಏನರ ಕಲಿಸಬಹುದಾ? ಎಣಿಸೂದು?"

ಕಲಿಸಿ ಎಂದೆ. ಬಿಸ್ಕೀಟಿನಿಂದ. ಕಾಜಲಳ ಟೆಸ್ಟ್ 12ಕ್ಕೆ, ಅದು ಮುಗಿದ ಮೇಲೆ.

ಡಿಸೆಂಬರ್ 12, ಗುರುವಾರ. ಸಂಜೆ 4.40, ಬಸವಕಲ್ಯಾಣ

ವಿಶೇಷ ಶಾಲೆಯವರು ಒಂದು ಕೋಣೆ ಬಿಟ್ಟುಕೊಟ್ಟರು. ಬಾಗಿಲಿಗೆ ಚಿಲಕ ಇದೆ. ಗೋಡೆಯಲ್ಲಿ ಚಿತ್ರ ಇತ್ತು, ಮಗುವಿನ ಗಮನ ಹೋಗಬಾರದೆಂದು ತೆಗೆಸಿದೆ. ಸತ್ಯಮ್ಮ, ದತ್ತು ಹೊರಗೆ ಬೇವಿನ ಮರದ ಕೆಳಗೆ. ಸಂಗಮ್ಮ ತಾವಾಗಿಯೇ ದೂರ, ಗೇಟಿನ ಹೊರಗೆ ನಿಂತರು.

ಕಾಜಲ ಬಂದವಳೇ ಟೇಬಲ್ ಕೆಳಗೆ ನೋಡಿದಳು. "ಹಲಗಿ ಎಲ್ಲೈತಿ ಅಕ್ಕೋರ?"

"ಇವತ್ತ ಅದಿಲ್ಲ. ಬ್ಯಾರೆ ಅದಾವ."

"ನಾ ಅದರಾಗ ಚಲೋ ಅದೀನಿ."

"ಗೊತ್ತು. ನಾ ನೋಡೀನಲ್ಲ, ಹದಿನಾರು ಸೆಕೆಂಡು. ಅದನ್ನ ಯಾರೂ ಕಸಗೊಳ್ಳಂಗಿಲ್ಲ." ಆ ಮಾತು ಹೇಳಲು ನಾಲ್ಕು ದಿನದಿಂದ ಯೋಚಿಸಿದ್ದೆ. ಅವಳು ತಲೆ ಅಲ್ಲಾಡಿಸಿ, ಪೆಟ್ಟಿಗೆಯಲ್ಲೇನಿದೆ ಎಂದು ಇಣುಕಿದಳು.

55 ನಿಮಿಷ. ನಡುವೆ ಒಮ್ಮೆ ನೀರು. ಐದು ವರ್ಷದ ಪ್ರಶ್ನೆ ಆರಕ್ಕೆ ಆರು ಬಂದವು. ಆರರಲ್ಲಿ ನಾಲ್ಕು. ಏಳರಲ್ಲಿ ಮೂರು. ಎಂಟರಲ್ಲಿ ಎರಡೇ. ಒಂಬತ್ತರಲ್ಲಿ ಒಂದೂ ಇಲ್ಲ. ಮಣಿ ಪೋಣಿಸುವಾಗ ನಾಲಿಗೆ ಕಚ್ಚಿಕೊಂಡಿದ್ದಳು. ಹಣೆಯಲ್ಲಿ ಬೆವರು, ಈ ಚಳಿಯಲ್ಲಿ. ವಾಕ್ಯ ತಿರುಗಿ ಹೇಳುವಾಗ ಅರ್ಧಕ್ಕೆ ತಪ್ಪಿತು. "ಇನ್ನೊಮ್ಮೆ ಹೇಳ್ರಿ ಅಕ್ಕೋರ" ಎಂದಳು. ಇನ್ನೊಮ್ಮೆ ಹೇಳುವಂತಿಲ್ಲ. ಮುಂದಿನದಕ್ಕೆ ಹೋದೆ. ಅವಳು ತುಟಿಯಲ್ಲಿ ಹಿಂದಿನದನ್ನೇ ಹುಡುಕುತ್ತಿದ್ದಳು.

ಅಲ್ಲೇ ಕೂತು ಎರಡು ಸಲ ಲೆಕ್ಕ ಮಾಡಿದೆ. ಮಾನಸಿಕ ವಯಸ್ಸು ಆರು ವರ್ಷ ಆರು ತಿಂಗಳು. ನಿಜ ವಯಸ್ಸು ಹತ್ತು ವರ್ಷ ಮೂರು ತಿಂಗಳು. ಐಕ್ಯೂ 63. ಸತ್ಯಮ್ಮನ ಹೊಸ ಉತ್ತರಗಳೂ ಅದರ ಹತ್ತಿರವೇ — 61.

ಪ್ರಮಾಣಪತ್ರಕ್ಕೆ ಅರ್ಹಳು. ನಾಳೆಯೇ ಬೋರ್ಡಿಗೆ ಕಳಿಸುತ್ತೇನೆ. ಸೀಟು ಸಿಗುತ್ತದೆ.

ಹೊರಗೆ ಬಂದು ಹೇಳಿದೆ. ಸತ್ಯಮ್ಮ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ದತ್ತು ನನ್ನ ಹತ್ತಿರ ಬಂದು, ದನಿ ಇಳಿಸಿ — "ಸಿಟ್ಟ ಮಾಡಬ್ಯಾಡ್ರಿ ಮೇಡಮ. ನೀವ್ ಬ್ಯಾಡ ಅಂದಿದ್ರಿ. ಬಸ್ಸಿನ್ಯಾಗ ಪೋರಿಗಿ ಹೇಳೇಬಿಟ್ಟೆ, ಗೊತ್ತಿದ್ರೂ ತಪ್ಪ ಹೇಳು ಅಂತ. ಆಣಿ ಹಾಕಿಸಿದ್ದೆ."

63 ಅವಳದೋ ಆಣೆಯದೋ? ಪೆಟ್ಟಿಗೆ ನಾಡಿದ್ದು ವಾಪಸ್ಸು. ಮತ್ತೊಂದು ಟೆಸ್ಟ್ ಇಲ್ಲ. ಹದಿನಾರನೇ ತಾರೀಕಿಗೆ ನಾಲ್ಕೇ ದಿನ.

ಕಾಜಲಳನ್ನು ಮತ್ತೆ ಕೋಣೆಗೆ ಕರೆದೆ. ಏನೆಂದು ಕೇಳುವುದು... ಕೇಳಿದ ರೀತಿಯಲ್ಲೇ ಉತ್ತರ ಇರಬಾರದು. "ಅಪ್ಪ ಬಸ್ಸಿನ್ಯಾಗ ಏನ ಹೇಳಿದ?" ಎಂದಷ್ಟೇ ಕೇಳಿದೆ.

ಬಾಗಿಲ ಕಡೆ ನೋಡಿದಳು. ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು.

"ತಪ್ಪ ಹೇಳು ಅಂದಿದ್ದ. ನಾ ಹೇಳ್ಲಿಲ್ಲ ಅಕ್ಕೋರ. ಎಲ್ಲಾ ಖರೇನ ಹೇಳೀನಿ. ಒಂದೂ ತಪ್ಪ ಮಾಡಿಲ್ಲ."

ಬೆವರು, ಕಚ್ಚಿದ ನಾಲಿಗೆ, "ಇನ್ನೊಮ್ಮೆ ಹೇಳ್ರಿ" — ಎಲ್ಲ ನನ್ನ ಟಿಪ್ಪಣಿಯಲ್ಲಿದೆ, ವೇಳೆ ಸಹಿತ. ತಪ್ಪು ಹೇಳಬೇಕೆಂದಿದ್ದ ಮಗು ಇನ್ನೊಮ್ಮೆ ಕೇಳುವುದಿಲ್ಲ. ಬಂದ ಉತ್ತರಗಳು ವಯಸ್ಸು ಏರಿದಂತೆ ಒಂದೊಂದಾಗಿ ಕಡಿಮೆಯಾಗಿವೆ, ಸುಲಭದ್ದು ಬಿಟ್ಟು ಕಠಿಣದ್ದು ಹೇಳಿಲ್ಲ. 63 ಅವಳದೇ. ಅಪ್ಪನಿಗೆ ಹೇಳಬೇಡ್ರಿ, ಸೀಟು ಹೋದೀತು ಎಂದಳು. ಹೇಳುವುದಿಲ್ಲ ಎಂದೆ.

ಈಗ ಫಾರ್ಮ್ ಮುಂದಿದೆ. ಹೆಸರು, ವಯಸ್ಸು, ಅಂಕ, ಎಲ್ಲ ತುಂಬಿದೆ. "ಪರೀಕ್ಷೆಯ ವೇಳೆ ಮಗುವಿನ ಪ್ರಯತ್ನ" ಎಂಬ ಕಾಲಂ ಒಂದು ಉಳಿದಿದೆ. ಬೆರಳಗಲ ಜಾಗ. ಆರು ವರ್ಷದಿಂದ "ತೃಪ್ತಿಕರ" ಎಂದು ಬರೆದು ಮುಂದೆ ಹೋಗುತ್ತಿದ್ದೆ. ಐದು ಗಂಟೆಯ ಬಸ್ಸಿಗೆ ಹೊತ್ತಾಯಿತು. ಅದರಲ್ಲಿ ಇವತ್ತು ಬರೆದೆ: "ಪೂರ್ಣ. ಬಾರದ ವಾಕ್ಯವನ್ನು ಇನ್ನೊಮ್ಮೆ ಹೇಳಿ ಎಂದು ತಾನೇ ಕೇಳಿದಳು."